ಗಾಳದ ಮೀನುಗಾರಿಕೆಗೆ ಪೆಡಲ್ ಕಯಾಕ್: ಉತ್ತರ ಕ್ಯಾಲಿಫೋರ್ನಿಯದ ನೀರಿಗೆ ಹೊಂದುವ ದೋಣಿಯನ್ನು ಆರಿಸುವ ಸಮಗ್ರ ಮಾರ್ಗದರ್ಶಿ

ಕಯಾಕ್ ಎಂಬ ಕಿರಿದಾದ ಸಣ್ಣ ದೋಣಿಯಲ್ಲಿ ಕುಳಿತು ಗಾಳ ಹಾಕುವವರ ಎರಡು ಕೈಗಳಿಗೆ ಮೂರು ಕೆಲಸ ಬೀಳುತ್ತದೆ. ಗಾಳದ ಕೋಲನ್ನು ಹಿಡಿಯಬೇಕು, ರೀಲನ್ನು ಸುತ್ತಬೇಕು, ಇವೆರಡರ ನಡುವೆ ಗಾಳಿಯೋ ಹರಿವೋ ದೋಣಿಯನ್ನು ಎಳೆದೊಯ್ಯದಂತೆ ಹುಟ್ಟು ಹಾಕುತ್ತಲೂ ಇರಬೇಕು. ಪೆಡಲ್ ಕಯಾಕ್ ಈ ಮೂರನೆಯ ಕೆಲಸವನ್ನು ಕಾಲಿಗೆ ವಹಿಸುತ್ತದೆ. ತೊಡೆಯ ಸ್ನಾಯುಗಳು ತೋಳಿನ ಸ್ನಾಯುಗಳಿಗಿಂತ ದೊಡ್ಡವು, ಅಷ್ಟು ಬೇಗ ದಣಿಯುವುದಿಲ್ಲ; ಆದ್ದರಿಂದ ಬೆಳಗಿನಿಂದ ಮಧ್ಯಾಹ್ನದವರೆಗೆ ನೀರಿನ ಮೇಲಿರುವವರಿಗೆ ಇದರ ಅನುಕೂಲ ಬಹಳ ದೊಡ್ಡದು. ಗಾಳಿಗೆ ಎದುರಾಗಿ ಒಂದೇ ಜಾಗದಲ್ಲಿ ನಿಂತು ಎರಡೂ ಕೈಗಳಿಂದ ಮೀನಿನೊಡನೆ ಸೆಣಸುವುದು ಹುಟ್ಟಿನ ಕಯಾಕಿನಲ್ಲಿ ಬಹಳ ಕಷ್ಟ. ಪೆಡಲ್ ಕಯಾಕಿನಲ್ಲಿ ಸ್ವಲ್ಪ ಅಭ್ಯಾಸವಾದ ಯಾರಿಗಾದರೂ ಅದು ಸಾಧ್ಯ.

ಆದರೆ ಈ ದೋಣಿಗಳ ಬೆಲೆಯೂ ಹೆಚ್ಚು, ತೂಕವೂ ಹೆಚ್ಚು. ಹೊಸದರ ಬೆಲೆ ಅಮೆರಿಕದಲ್ಲಿ ಸುಮಾರು 1,500 ಡಾಲರಿನಿಂದ ಆರಂಭವಾಗಿ, ಹೆಸರಾಂತ ಕಂಪನಿಗಳ ದೊಡ್ಡ ಮಾದರಿಗಳಲ್ಲಿ 5,000 ಡಾಲರನ್ನು ಸುಲಭವಾಗಿ ಮುಟ್ಟುತ್ತದೆ. ಕೊಳ್ಳುವವರಲ್ಲಿ ಹೆಚ್ಚಿನವರು ಡ್ರೈವ್‌ನಿಂದ, ಅಂದರೆ ಕಾಲಿನ ತುಳಿತದಿಂದ ದೋಣಿಯನ್ನು ಮುಂದಕ್ಕೆ ತಳ್ಳುವ ಯಂತ್ರಭಾಗದಿಂದ, ಯೋಚನೆ ಆರಂಭಿಸುತ್ತಾರೆ: ರೆಕ್ಕೆಯ ಡ್ರೈವ್ ಒಳ್ಳೆಯದೋ ಪ್ರೊಪೆಲ್ಲರಿನದೋ, ಈ ಕಂಪನಿಯದೋ ಆ ಕಂಪನಿಯದೋ ಎಂದು. ನನ್ನ ದೃಷ್ಟಿಯಲ್ಲಿ ಅದು ನಾಲ್ಕನೆಯ ಪ್ರಶ್ನೆ. ಮೊದಲನೆಯದು ನೀರು, ಎರಡನೆಯದು ಸಾಗಣೆ, ಮೂರನೆಯದು ಹೊರೆ. ಡ್ರೈವ್ ಸ್ವಲ್ಪ ಹೊಂದದಿದ್ದರೂ ಅದಕ್ಕೆ ಒಗ್ಗಿಕೊಳ್ಳಬಹುದು. ಒಬ್ಬರೇ ಎತ್ತಲಾಗದ ದೋಣಿ ಮಾತ್ರ ಗ್ಯಾರೇಜಿನಲ್ಲೇ ಉಳಿದುಬಿಡುತ್ತದೆ. ಈ ಬರಹವನ್ನು ಸ್ಯಾನ್ ಹೋಸೆ, ಫ್ರೀಮಾಂಟ್, ಸ್ಯಾಕ್ರಮೆಂಟೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಸಿಹಿನೀರಿನ ಜಲಾಶಯ, ಉಬ್ಬರವಿಳಿತದ ನದೀಮುಖಜ, ಕೊಲ್ಲಿ, ತೆರೆದ ಸಾಗರ ಎಲ್ಲವೂ ಅಲ್ಲಿ ಕೆಲವೇ ಗಂಟೆಗಳ ಪ್ರಯಾಣದೊಳಗೆ ಸಿಗುವುದರಿಂದ ಆಯ್ಕೆಯ ತೊಡಕುಗಳೆಲ್ಲ ಒಂದೇ ಕಡೆ ಕಾಣುತ್ತವೆ. ಬೇರೆ ಊರಿನವರು ತಮ್ಮ ನೀರು ಇವುಗಳಲ್ಲಿ ಯಾವುದಕ್ಕೆ ಹತ್ತಿರವೆಂದು ನೋಡಿಕೊಂಡರೆ ಸಾಕು.

ಮೊದಲ ಹೆಜ್ಜೆ: ನೀವು ಹೆಚ್ಚಾಗಿ ಇಳಿಯುವ ನೀರನ್ನು ಗುರುತಿಸಿ

ವರ್ಷಕ್ಕೊಮ್ಮೆ ಹೋಗುವ ಕನಸಿನ ಜಾಗವನ್ನು ಬದಿಗಿಟ್ಟು, ಶನಿವಾರದ ಬೆಳಗ್ಗೆ ನಿಜವಾಗಿ ಹೋಗುವ ಜಾಗಕ್ಕೆ ದೋಣಿ ಆರಿಸಬೇಕು. ಲಿವರ್‌ಮೋರ್ ಬಳಿಯ ಡೆಲ್ ವ್ಯಾಲೆ, ರಿಚ್‌ಮಂಡ್ ಬಳಿಯ ಸ್ಯಾನ್ ಪಾಬ್ಲೊ, ಉತ್ತರದ ಬೆರಿಯೆಸ್ಸಾದಂಥ ಜಲಾಶಯಗಳಲ್ಲಿ ನೀರು ಆಳ, ಹರಿವು ಇಲ್ಲವೆನ್ನುವಷ್ಟು ಕಡಿಮೆ, ತೊಂದರೆ ಕೊಡುವುದು ಮುಖ್ಯವಾಗಿ ಮಧ್ಯಾಹ್ನದ ಗಾಳಿ. ಇಲ್ಲಿಗೆ 10ರಿಂದ 12 ಅಡಿ ಉದ್ದದ, ಯಾವ ಡ್ರೈವ್ ಇದ್ದರೂ ನಡೆಯುವ, ಹಗುರವಾದ ದೋಣಿ ಸಾಕು. ದೊಡ್ಡ ದೋಣಿಗೆ ಹಣ ಸುರಿಯುವ ಅಗತ್ಯವಿಲ್ಲ.

ಸ್ಯಾಕ್ರಮೆಂಟೊ ಮತ್ತು ಸ್ಯಾನ್ ಹೊಆಕಿನ್ ನದಿಗಳು ಕೂಡುವ ಡೆಲ್ಟಾ ಬೇರೆಯದೇ ಲೋಕ. ಸಮುದ್ರದಿಂದ ಇಷ್ಟು ಒಳಗಿದ್ದರೂ ಇಲ್ಲಿ ಉಬ್ಬರವಿಳಿತ ಕೆಲಸ ಮಾಡುತ್ತದೆ. ಬೆಳಗ್ಗೆ ಸರಾಗವಾಗಿ ದಾಟಿದ ಜಾಗದಲ್ಲಿ ಕೆಲವು ಗಂಟೆಗಳ ಬಳಿಕ ಡ್ರೈವ್ ಕೆಸರಿಗೆ ತಾಗಬಹುದು. ಲಾರ್ಜ್‌ಮೌತ್ ಬಾಸ್ ಎಂಬ ಮೀನು ಅಡಗುವುದೇ ಜೊಂಡಿನ ಅಂಚಿನಲ್ಲಿ, ನೀರೊಳಗೆ ದಟ್ಟವಾಗಿ ಬೆಳೆದ ಕಳೆಯ ನಡುವೆ. ಬೆಂಗಳೂರಿನ ಕೆರೆಗಳನ್ನು ಮುಚ್ಚಿಹಾಕಿರುವ ಅದೇ ಅಂತರಗಂಗೆ ಇಲ್ಲಿಯೂ ಕಾಲುವೆಗಳನ್ನು ತುಂಬಿಕೊಂಡು ಸರ್ಕಾರಕ್ಕೆ ತಲೆನೋವಾಗಿದೆ. ದಕ್ಷಿಣ ಅಮೆರಿಕದಿಂದ ಹೊರಟ ಈ ಗಿಡ ನಮ್ಮಲ್ಲಿಗೂ ಬಂದಿದೆ, ಅವರಲ್ಲಿಗೂ ಬಂದಿದೆ. ಡೆಲ್ಟಾದಲ್ಲಿ ಗಾಳ ಹಾಕುವವರಿಗೆ ಕಳೆಯಲ್ಲಿ ಸಿಲುಕದಿರುವುದು, ಸಿಲುಕಿದರೆ ಕೂಡಲೇ ಬಿಡಿಸಿಕೊಳ್ಳುವುದು ಮುಖ್ಯ. ಬೇಸಿಗೆಯ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ನುಗ್ಗುವ ಗಾಳಿಗೆ ಇಲ್ಲಿ ಡೆಲ್ಟಾ ಬ್ರೀಜ್ ಎಂಬ ಹೆಸರೇ ಇದೆ. ಮರಳುವ ದಾರಿ ಅದಕ್ಕೆ ಎದುರಾದರೆ ಅಗಲವಾದ, ಎತ್ತರದ ಬದಿಗಳ ದೋಣಿ ನಿಮ್ಮ ಬೆವರಿಳಿಸುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಮಾತು ಬಂದಾಗ ಹರಿವಿನ ವೇಗವನ್ನು ಲೆಕ್ಕ ಹಾಕಿ ನೋಡಬೇಕು. ಗೋಲ್ಡನ್ ಗೇಟ್ ಬಳಿ ಇಳಿತದ ಹರಿವು 4 ನಾಟ್ (ಗಂಟೆಗೆ ಸುಮಾರು 4.6 ಮೈಲಿ) ಮೀರುವ ದಿನಗಳಿವೆ. ದೋಣಿಯ ಒಡಲು ಸಹಜವಾಗಿ ಮುಟ್ಟಬಲ್ಲ ಗರಿಷ್ಠ ವೇಗವನ್ನು ಅಂದಾಜಿಸಲು ಒಂದು ಹಳೆಯ ಸೂತ್ರವಿದೆ: ನೀರಿಗೆ ತಾಗುವ ಉದ್ದವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗ ನಾಟ್‌ಗಳಲ್ಲಿ ಸಿಗುತ್ತದೆ. ಅದರಂತೆ 10 ಅಡಿಗೆ ಸುಮಾರು 4.2 ನಾಟ್, 12 ಅಡಿಗೆ 4.6, 14 ಅಡಿಗೆ 5. ಇದು ಮೇಲ್ಮಿತಿ, ದಿನವಿಡೀ ದಣಿಯದೆ ತುಳಿಯುವ ವೇಗ ಗಂಟೆಗೆ ಮೂರು ಮೈಲಿಯ ಆಸುಪಾಸಿನಲ್ಲಿರುತ್ತದೆ. ಅಂದರೆ ಅಂಥ ಇಳಿತಕ್ಕೆ ಎದುರಾಗಿ ಎಷ್ಟು ದುಬಾರಿಯ ಡ್ರೈವ್ ಇದ್ದರೂ ಗೆಲ್ಲುವುದಿಲ್ಲ. ಉಬ್ಬರವಿಳಿತದ ವೇಳಾಪಟ್ಟಿ ಓದಲು ಕಲಿಯುವವರೆಗೆ ಕೊಲ್ಲಿಯ ಬಾಯಿಯ ಕಡೆಗೆ ಹೋಗಲೇಬಾರದು.

ಹಾಫ್ ಮೂನ್ ಬೇ ಬಳಿಯ ಪಿಲರ್ ಪಾಯಿಂಟ್ ಬಂದರಿನಿಂದಲೋ ಮಾಂಟೆರೆಯಿಂದಲೋ ಹೊರಟು ರಾಕ್‌ಫಿಷ್, ಲಿಂಗ್‌ಕಾಡ್ ಹಿಡಿಯುವವರಿಗೆ 12 ಅಡಿಗಿಂತ ಉದ್ದದ, ಮೂತಿ ಎತ್ತಿಕೊಂಡಿರುವ, ಮೇಲೆ ಬಿದ್ದ ನೀರು ತಾನಾಗಿ ಹರಿದುಹೋಗುವ ರಂಧ್ರಗಳಿರುವ ದೋಣಿ ಬೇಕು. ಅಲ್ಲಿ ಕೆಲ್ಪ್ ಎಂಬ ಉದ್ದನೆಯ ಕಡಲಕಳೆ ಕಾಡಿನಂತೆ ಬೆಳೆದಿರುತ್ತದೆ. ಅದರ ದಪ್ಪ ದಂಟು ಯಾವ ಡ್ರೈವ್‌ಗಾದರೂ ಸುತ್ತಿಕೊಳ್ಳಬಲ್ಲದು. ಜೊತೆಗೆ ನೀರು ತಣ್ಣಗೆ, ವರ್ಷದ ಬಹುಪಾಲು 10ರಿಂದ 14 ಡಿಗ್ರಿ ಸೆಲ್ಸಿಯಸ್. ಈ ತಂಪಿನ ವಿಚಾರಕ್ಕೆ ಮುಂದೆ ಮತ್ತೆ ಬರುತ್ತೇನೆ.

ಎರಡನೆಯ ಹೆಜ್ಜೆ: ಮನೆಯಿಂದ ನೀರಿನವರೆಗೆ ಒಬ್ಬರೇ ಒಯ್ಯಬಲ್ಲಿರಾ?

ಕಂಪನಿಗಳ ಪಟ್ಟಿಯಲ್ಲಿ ಎರಡು ತೂಕಗಳಿರುತ್ತವೆ. ಒಂದು ಬರಿಯ ಒಡಲಿನದು. ಇನ್ನೊಂದು ಆಸನ, ಡ್ರೈವ್, ಚುಕ್ಕಾಣಿ ಎಲ್ಲ ಸೇರಿದ್ದು. ಜಾಹೀರಾತಿನಲ್ಲಿ ಮೊದಲನೆಯದು ದೊಡ್ಡ ಅಕ್ಷರಗಳಲ್ಲಿ ಕಂಡರೂ ನೀರಿನ ಅಂಚಿನಲ್ಲಿ ನೀವು ಎಳೆಯುವುದು ಎರಡನೆಯದನ್ನು. ಹೋಬಿ ಕಂಪನಿಯ ಪ್ರೊ ಆಂಗ್ಲರ್ 14 ಎಲ್ಲ ಸಜ್ಜು ಸೇರಿ 140 ಪೌಂಡ್ ದಾಟುತ್ತದೆ. ಅದೇ ಕಂಪನಿಯ ಔಟ್‌ಬ್ಯಾಕ್ 100 ಪೌಂಡಿನ ಆಸುಪಾಸಿನಲ್ಲಿದೆ. ಪರ್ಸೆಪ್ಷನ್ ಕಂಪನಿಯ ಪೆಸ್ಕಡೋರ್ ಪೈಲಟ್ 12 ಸುಮಾರು 85 ಪೌಂಡ್. ಡ್ರೈವ್ ಮತ್ತು ಆಸನವನ್ನು ಬಿಚ್ಚಿಟ್ಟರೆ 25 ಪೌಂಡಿನಷ್ಟು ಇಳಿಯಬಹುದು, ಆದರೂ ಪ್ರೊ ಆಂಗ್ಲರ್‌ನಂಥದ್ದನ್ನು ಒಬ್ಬರೇ ಕಾರಿನ ಮೇಲೆ ಏರಿಸುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

ಕಾರಿನ ಚಾವಣಿಗೂ ಮಿತಿಯಿದೆ. ಹಲವು ಎಸ್‌ಯುವಿಗಳಲ್ಲಿ ಅದು 165 ಪೌಂಡ್, ಕೆಲವು ಸೆಡಾನ್‌ಗಳಲ್ಲಿ 100ರ ಹತ್ತಿರ. ಅಡ್ಡಪಟ್ಟಿಗಳ ತೂಕವೂ ಈ ಲೆಕ್ಕದಲ್ಲೇ ಸೇರುತ್ತದೆ. ನಿಮ್ಮ ಕಾರಿನ ಕೈಪಿಡಿ ತೆರೆದು ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಪಿಕಪ್ ಟ್ರಕ್ ಇದ್ದರೆ ಹಿಂದಿನ ತೊಟ್ಟಿಯಿಂದ ಹೊರಚಾಚುವ ಭಾಗಕ್ಕೆ ಆಧಾರ ಕೊಟ್ಟು, ಕೆಂಪು ಬಾವುಟ ಕಟ್ಟಿ ಸಾಗಿಸಬಹುದು. ಸಣ್ಣ ಟ್ರೈಲರ್ ಎಲ್ಲಕ್ಕಿಂತ ಸುಲಭ, ಆದರೆ ಅದಕ್ಕೆ ನೋಂದಣಿ ಬೇಕು, ನಿಲ್ಲಿಸಲು ಜಾಗ ಬೇಕು, ಎಷ್ಟೋ ವಸತಿ ಸಂಘಗಳು ಅದನ್ನು ಮನೆಯ ಮುಂದೆ ನಿಲ್ಲಿಸಲು ಬಿಡುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಗಾಳಿ ತುಂಬುವ ಪೆಡಲ್ ಕಯಾಕನ್ನು ಧೈರ್ಯವಾಗಿ ಪರಿಗಣಿಸಬಹುದು. ಹೋಬಿಯ ಐಟ್ರೆಕ್ ಸಾಲಿನವು ಮಡಚಿ ಚೀಲದಲ್ಲಿ ಕಟ್ಟಿಡುವಂಥವು, ಅವಕ್ಕೂ ರೆಕ್ಕೆಯ ಡ್ರೈವ್ ಇದೆ. ಗಾಳಿಗೆ ಅವು ಹೆಚ್ಚು ತೂರಾಡುತ್ತವೆ, ಗಾಳದ ಕೊಕ್ಕೆ ಮತ್ತು ಮೀನಿನ ಮುಳ್ಳಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಆದರೂ ಜಲಾಶಯಕ್ಕೆ ಅವು ಒಳ್ಳೆಯ ದೋಣಿಗಳೇ.

ಯಾವ ದೋಣಿ ಕೊಂಡರೂ ಎರಡು ಚಕ್ರದ ಕಾರ್ಟ್ ಜೊತೆಗೇ ಕೊಳ್ಳಿ. ನೀರು ಹರಿಯುವ ರಂಧ್ರಗಳಿಗೆ ಕೋಲು ತೂರಿಸಿ ನಿಲ್ಲಿಸುವ ಕಾರ್ಟುಗಳು ಭಾರವಾದ ದೋಣಿಯಲ್ಲಿ ಆ ರಂಧ್ರಗಳನ್ನೇ ಸೀಳಿಬಿಡುತ್ತವೆ. ಒಡಲಿನ ಕೆಳಗೆ ಪಟ್ಟಿ ಬಿಗಿದು ಹೊರುವಂಥದ್ದು ಉತ್ತಮ. ಮರಳಿನ ತೀರಕ್ಕಾದರೆ ಅಗಲವಾದ ಗಾಳಿಚಕ್ರಗಳು ಬೇಕು.

ಮೂರನೆಯ ಹೆಜ್ಜೆ: ಹೊರೆಯ ಲೆಕ್ಕ

ದೋಣಿಯ ಮೇಲೆ ಬರೆದಿರುವ ಹೊರೆಯ ಸಾಮರ್ಥ್ಯವೆಂದರೆ ಅದು ತೇಲಬಲ್ಲ ಮಿತಿ, ಚೆನ್ನಾಗಿ ಚಲಿಸಬಲ್ಲ ಮಿತಿಯಲ್ಲ. ಅದರ ಶೇ. 70ರ ಒಳಗೆ ಇದ್ದರೆ ದೋಣಿ ಹಗುರವಾಗಿ ಓಡುತ್ತದೆ, ಅಲೆಯ ನೀರು ಒಳಗೆ ಬರುವುದೂ ಕಡಿಮೆ. 180 ಪೌಂಡ್ ತೂಗುವ ಒಬ್ಬರು, ಬಟ್ಟೆ ಮತ್ತು ಲೈಫ್ ಜಾಕೆಟ್ ಸೇರಿ 10, ಡ್ರೈವ್ 20, ಗಾಳದ ಸಾಮಾನು, ಲಂಗರು, ಬ್ಯಾಟರಿ, ಮೀನು ಪತ್ತೆಯ ಯಂತ್ರ ಇತ್ಯಾದಿ 40, ಐಸ್ ತುಂಬಿದ ಪೆಟ್ಟಿಗೆಯೂ ಕುಡಿಯುವ ನೀರೂ ಸೇರಿ 20 ಎಂದು ಹಿಡಿದರೆ 270 ಪೌಂಡ್. ಇದಕ್ಕೆ ಸುಮಾರು 385 ಪೌಂಡ್ ಸಾಮರ್ಥ್ಯ ಬೇಕು. ಹೋಬಿ ಔಟ್‌ಬ್ಯಾಕಿನದು 425, ಓಲ್ಡ್ ಟೌನ್ ಕಂಪನಿಯ ಸ್ಪೋರ್ಟ್ಸ್‌ಮನ್ ಪಿಡಿಎಲ್ 120ರದು 500, ಪ್ರೊ ಆಂಗ್ಲರ್ 14ರದು 600. ನಿಮ್ಮ ಅಂಕಿಗಳನ್ನು ಹಾಕಿ ನೋಡಿದಾಗ 425 ಸಾಕೆಂದು ಕಂಡರೆ 600ಕ್ಕೆ ಹೋಗಬೇಡಿ. ಬೇಡದ ಸಾಮರ್ಥ್ಯವೆಲ್ಲ ತೂಕವಾಗಿ ನಿಮ್ಮ ಬೆನ್ನಿಗೇ ಬರುತ್ತದೆ.

ನಾಲ್ಕನೆಯ ಹೆಜ್ಜೆ: ರೆಕ್ಕೆಯೋ ಪ್ರೊಪೆಲ್ಲರೋ

ಈಗ ಡ್ರೈವ್. ಇದರಲ್ಲಿ ಎರಡು ವಂಶಗಳಿವೆ, ಎರಡನ್ನೂ ಅರ್ಥ ಮಾಡಿಕೊಂಡೇ ಆರಿಸಬೇಕು.

ಕ್ಯಾಲಿಫೋರ್ನಿಯದ ಓಷನ್‌ಸೈಡ್ ಮೂಲದ ಹೋಬಿ ಕಂಪನಿ 1997ರಲ್ಲಿ ಮಿರಾಜ್ ಡ್ರೈವ್ ಎಂಬುದನ್ನು ಮಾರುಕಟ್ಟೆಗೆ ತಂದಿತು. ಗ್ರೆಗ್ ಕೆಟರ್‌ಮನ್ ಅದರ ವಿನ್ಯಾಸಕಾರ. ಒಡಲಿನ ಕೆಳಗೆ ಎರಡು ಬಾಗುವ ರೆಕ್ಕೆಗಳು ಪೆಂಗ್ವಿನ್ ಹಕ್ಕಿಯ ರೆಕ್ಕೆಗಳ ಹಾಗೆ ಎದುರುಬದುರು ಬೀಸುತ್ತವೆ. ಕಾಲಿನ ಚಲನೆ ವೃತ್ತಾಕಾರದ್ದಲ್ಲ. ಒಂದು ಪೆಡಲನ್ನು ಮುಂದಕ್ಕೆ ಒತ್ತಿದರೆ ಇನ್ನೊಂದು ಹಿಂದಕ್ಕೆ ಬರುತ್ತದೆ. ಮೂಲ ಪೇಟೆಂಟಿನ ಅವಧಿ ಮುಗಿದ ಮೇಲೆ ಪೆಲಿಕನ್ ಕಂಪನಿಯ ಹೈಡ್ರೈವ್‌ನಂಥ ಬೇರೆ ರೆಕ್ಕೆಯ ಡ್ರೈವ್‌ಗಳೂ ಬಂದಿವೆ. ಈ ವಂಶದ ದೊಡ್ಡ ಗುಣ ಆಳವಿಲ್ಲದ ನೀರಿನಲ್ಲಿ ಕಾಣುತ್ತದೆ: ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ಒತ್ತಿ ಹಿಡಿದರೆ ಎರಡೂ ರೆಕ್ಕೆಗಳು ಒಡಲಿಗೆ ಅಂಟಿದಂತೆ ಮೇಲಕ್ಕೆ ಹೋಗುತ್ತವೆ, ಸಣ್ಣ ಸಣ್ಣ ತುಳಿತದಿಂದ ಅವನ್ನು ಪಟಪಟನೆ ಆಡಿಸುತ್ತ ಕೆಸರಿನ ಮೇಲೆಯೂ ಸರಿಯಬಹುದು. ಕಳೆ ಸಿಕ್ಕಿಕೊಂಡರೆ ಇದೇ ಅಲುಗಾಟದಿಂದ ಎಷ್ಟೋ ಸಲ ತಾನಾಗಿ ಜಾರಿಹೋಗುತ್ತದೆ. ಹೊಸ ಮಾದರಿಗಳಲ್ಲಿ ಕಲ್ಲಿಗೆ ತಾಗಿದರೆ ರೆಕ್ಕೆ ಹಿಂದಕ್ಕೆ ಮಡಚಿಕೊಳ್ಳುವ ಏರ್ಪಾಡೂ ಇದೆ. ಕೊರತೆಯೆಂದರೆ ಹಿಂದಕ್ಕೆ ಹೋಗುವುದು. ಹಳೆಯ ಮಿರಾಜ್ ಡ್ರೈವ್‌ಗಳಲ್ಲಿ ಆ ಸೌಲಭ್ಯವೇ ಇರಲಿಲ್ಲ. ಮಿರಾಜ್ 180ರಲ್ಲಿ ಒಂದು ಹಗ್ಗ ಎಳೆದು ರೆಕ್ಕೆಗಳ ದಿಕ್ಕು ಬದಲಿಸಬೇಕು. ಮಿರಾಜ್ 360ರಲ್ಲಿ ಯಾವ ದಿಕ್ಕಿಗಾದರೂ ತಿರುಗಿಸಬಹುದು, ಪಕ್ಕಕ್ಕೂ ಸರಿಯಬಹುದು, ಆದರೆ ಬೆಲೆ ಬಹಳ ಮೇಲೇರುತ್ತದೆ.

ಎರಡನೆಯ ವಂಶ ಪ್ರೊಪೆಲ್ಲರಿನದು. ನೇಟಿವ್ ವಾಟರ್‌ಕ್ರಾಫ್ಟ್ ಕಂಪನಿಯ ಪ್ರೊಪೆಲ್, ಓಲ್ಡ್ ಟೌನಿನ ಪಿಡಿಎಲ್, ವಿಲ್ಡರ್‌ನೆಸ್ ಸಿಸ್ಟಮ್ಸ್‌ನ ಹೀಲಿಕ್ಸ್, ಜ್ಯಾಕ್ಸನ್‌ನ ಫ್ಲೆಕ್ಸ್ ಡ್ರೈವ್ ಇವೆಲ್ಲ ಈ ಕುಲದವು. ಕಾಲು ಸೈಕಲ್ ತುಳಿದಂತೆ ವೃತ್ತವಾಗಿ ತಿರುಗುತ್ತದೆ, ಗೇರುಗಳು ಆ ತಿರುಗಾಟವನ್ನು ಹಲವು ಪಟ್ಟು ಹೆಚ್ಚಿಸಿ ಕೆಳಗಿನ ಪ್ರೊಪೆಲ್ಲರಿಗೆ ಮುಟ್ಟಿಸುತ್ತವೆ; ಪಿಡಿಎಲ್‌ನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಪ್ರೊಪೆಲ್ಲರ್ 10.3 ಸುತ್ತು ತಿರುಗುತ್ತದೆ. ಇದರ ದೊಡ್ಡ ಗುಣ, ಹಿಂದಕ್ಕೆ ತುಳಿದರೆ ದೋಣಿ ಆ ಕ್ಷಣವೇ ಹಿಂದಕ್ಕೆ ಚಲಿಸುವುದು. ಮುಳುಗಿದ ಮರದ ರೆಂಬೆಗಳ ಬಳಿ ದೊಡ್ಡ ಬಾಸ್ ಕಚ್ಚಿದಾಗ ಅದನ್ನು ರೆಂಬೆಗಳಿಂದ ಹೊರಗೆ ಎಳೆಯಲು, ಗಾಳಿಯಲ್ಲಿ ಒಂದು ಕಂಬದ ಪಕ್ಕ ನಿಲ್ಲಲು, ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಕೊರತೆಗಳೂ ಇವೆ. ಡ್ರೈವ್ ಒಡಲಿನ ಕೆಳಗೆ ಸುಮಾರು ಒಂದೂವರೆ ಅಡಿ ಇಳಿದಿರುತ್ತದೆ, ಅದಕ್ಕಿಂತ ಕಡಿಮೆ ಆಳದಲ್ಲಿ ಎತ್ತಿಕೊಂಡು ಹುಟ್ಟು ಹಿಡಿಯಬೇಕು. ಉದ್ದನೆಯ ಕಳೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಡ್ರೈವನ್ನು ಮೇಲೆತ್ತಿ ಕೈಯಿಂದಲೇ ಬಿಡಿಸಬೇಕು. ಜ್ಯಾಕ್ಸನ್‌ನ ಫ್ಲೆಕ್ಸ್ ಡ್ರೈವ್ ಅಡೆತಡೆ ತಾಗಿದಾಗ ಕೆಳಭಾಗ ಮೇಲಕ್ಕೆ ಮಡಚುವಂತೆ ಮಾಡಿ ಆಳವಿಲ್ಲದ ನೀರಿನ ಸಮಸ್ಯೆಯನ್ನು ಒಂದಿಷ್ಟು ಕಡಿಮೆ ಮಾಡಿದೆ.

ಮಂಡಿಯ ವಿಚಾರವನ್ನು ಅಂಗಡಿಯಲ್ಲಿ ಬಹಳ ಜನ ಕೇಳುವುದೇ ಇಲ್ಲ, ಕೇಳಬೇಕು. ವೃತ್ತಾಕಾರದ ತುಳಿತದಲ್ಲಿ ಮಂಡಿ ಎತ್ತರಕ್ಕೆ ಬರುತ್ತದೆ, ಹೆಚ್ಚು ಮಡಚುತ್ತದೆ. ರೆಕ್ಕೆಯ ಡ್ರೈವಿನಲ್ಲಿ ಕಾಲು ತಗ್ಗಿನಲ್ಲಿದ್ದು ನೇರವಾಗಿ ಚಾಚುತ್ತದೆ. ಮಂಡಿನೋವು ಇರುವವರಲ್ಲಿ ಕೆಲವರಿಗೆ ಒಂದು ಹಿತ, ಕೆಲವರಿಗೆ ಇನ್ನೊಂದು. ನೀರಿನ ಮೇಲೆ ಅರ್ಧ ಗಂಟೆ ತುಳಿದು ನೋಡದೆ ಇದು ತಿಳಿಯುವುದಿಲ್ಲ.

ನನ್ನ ಸಲಹೆಯನ್ನು ನೇರವಾಗಿ ಹೇಳುತ್ತೇನೆ. ಡೆಲ್ಟಾದ ಕಳೆ ಮತ್ತು ಕೆಸರಿಗೆ, ಮಾಂಟೆರೆಯ ಕೆಲ್ಪ್‌ಗೆ ರೆಕ್ಕೆಯ ಡ್ರೈವ್. ಆಳವಾದ ಜಲಾಶಯದಲ್ಲಿ ದಂಡೆಯ ಮರ, ಕಂಬ, ದೋಣಿಕಟ್ಟೆಗಳ ಸುತ್ತ ಗಾಳ ಎಸೆಯುವವರಿಗೆ ಪ್ರೊಪೆಲ್ಲರ್. ಎರಡೂ ಕಡೆ ಸಮನಾಗಿ ಹೋಗುವವರು ಮಂಡಿಗೆ ಹಿತವಾದದ್ದನ್ನು ಆರಿಸಲಿ.

ಐದನೆಯ ಹೆಜ್ಜೆ: ಒಡಲು, ಆಸನ, ಚುಕ್ಕಾಣಿ

ನಿಂತು ಗಾಳ ಎಸೆಯಬೇಕೆನ್ನುವವರಿಗೆ 34 ಇಂಚಿಗಿಂತ ಕಡಿಮೆ ಅಗಲ ಸಾಲದು. ಸ್ಪೋರ್ಟ್ಸ್‌ಮನ್ ಪಿಡಿಎಲ್ 120ರ ಅಗಲ 36 ಇಂಚು, ಪ್ರೊ ಆಂಗ್ಲರ್ 14ರದು 38. ಕುಳಿತೇ ಹಿಡಿಯುವವರಿಗೆ, ಅದರಲ್ಲೂ ದೂರ ಹೋಗುವವರಿಗೆ, ಅಗಲ ಕಡಿಮೆಯಾದಷ್ಟೂ ಒಳ್ಳೆಯದು. ಸ್ಥಿರತೆಯಲ್ಲಿಯೂ ಎರಡು ಬಗೆಯಿದೆ. ಚಪ್ಪಟೆ ತಳದ ದೋಣಿ ನಿಶ್ಚಲ ನೀರಿನಲ್ಲಿ ನೆಲದಂತೆ ನಿಲ್ಲುತ್ತದೆ, ಆದರೆ ಒಂದು ಮಿತಿ ದಾಟಿ ವಾಲಿದರೆ ಮುನ್ಸೂಚನೆಯಿಲ್ಲದೆ ಮಗುಚುತ್ತದೆ. ತಳ ಸ್ವಲ್ಪ ದುಂಡಗಿರುವ ದೋಣಿ ಮೊದಲಿಗೆ ಅಲುಗುತ್ತದೆ, ವಾಲಿದ ಮೇಲೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಲೆಯಿರುವ ನೀರಿಗೆ ಎರಡನೆಯದೇ ಸರಿ.

ಆಸನಕ್ಕೆ ಎತ್ತರ ಬದಲಿಸುವ ಸೌಲಭ್ಯ ಇರಲಿ: ಗಾಳಿ ಬೀಸುವಾಗ ತಗ್ಗು, ಗಾಳ ಎಸೆಯುವಾಗ ಎತ್ತರ. ಚುಕ್ಕಾಣಿಯ ಹಿಡಿಕೆ ಸಾಮಾನ್ಯವಾಗಿ ಎಡಗಡೆ ಇರುತ್ತದೆ. ಎಡಗೈಯಿಂದ ಗಾಳ ಎಸೆಯುವವರು ಬಲಗಡೆಯೂ ಹಿಡಿಕೆ ಹಾಕಬಹುದೇ ಎಂದು ಕೇಳಬೇಕು. ಚುಕ್ಕಾಣಿಯ ಅಲಗು ಚಿಕ್ಕದಾದರೆ ತಿರುವು ನಿಧಾನ, ಹಲವು ಮಾದರಿಗಳಿಗೆ ದೊಡ್ಡ ಅಲಗು ಪ್ರತ್ಯೇಕವಾಗಿ ಸಿಗುತ್ತದೆ. ಗಾಳದ ಕೋಲು ನಿಲ್ಲಿಸುವ ಹಿಡಿಕೆ, ಮೊಬೈಲ್ ಇಡುವ ತಟ್ಟೆ, ಲೋಟದ ಗೂಡು ಇವುಗಳ ಸಂಖ್ಯೆ ನೋಡಿ ಮರುಳಾಗಬೇಡಿ; ಬದಿಯಲ್ಲಿ ಉದ್ದನೆಯ ಹಳಿ ಇದ್ದರೆ ಇವನ್ನೆಲ್ಲ ಆಮೇಲೆ ನಿಮಗೆ ಬೇಕಾದ ಕಡೆ ಸೇರಿಸಬಹುದು.

ಆರನೆಯ ಹೆಜ್ಜೆ: ನೀರಿನ ಮೇಲೆ ಪರೀಕ್ಷೆ

ಹಲವು ಕಯಾಕ್ ಅಂಗಡಿಗಳು ವಸಂತ ಮತ್ತು ಬೇಸಿಗೆಯಲ್ಲಿ ಪರೀಕ್ಷಾ ದಿನಗಳನ್ನು ಏರ್ಪಡಿಸುತ್ತವೆ, ಕೆಲವೆಡೆ ಬಾಡಿಗೆಗೂ ಪೆಡಲ್ ಕಯಾಕ್ ಸಿಗುತ್ತದೆ. ನಿಮ್ಮ ಗಾಳದ ಕೋಲನ್ನೂ ಮೀನು ಹಿಡಿಯುವ ಬಲೆಯನ್ನೂ ಜೊತೆಗೆ ಒಯ್ಯಿರಿ. ಪೆಡಲ್ ಪೂರ್ತಿ ಚಾಚಿದಾಗ ಮಂಡಿ ಸ್ವಲ್ಪ ಬಾಗಿರುವಂತೆ ಹೊಂದಿಸಿಕೊಳ್ಳಿ. ಇದಕ್ಕೆಂದೇ ಮಿರಾಜ್ ಡ್ರೈವಿನ ತೋಳಿನ ಮೇಲೆ 1ರಿಂದ 7ರವರೆಗೆ ಗುರುತುಗಳಿವೆ. ಮೊದಲು ಗಾಳಿಗೆ ಎದುರಾಗಿ ತುಳಿಯಿರಿ, ಆಮೇಲೆ ನೀರಿನಲ್ಲಿ ಕಾಣುವ ಕಂಬದಂಥ ಏನನ್ನಾದರೂ ಆರಿಸಿ ಅದರ ಪಕ್ಕದಲ್ಲೇ ಐದು ನಿಮಿಷ ನಿಲ್ಲಲು ನೋಡಿ. ಡ್ರೈವನ್ನು ಕುಳಿತಲ್ಲೇ ಒಂದು ಕೈಯಿಂದ ಎತ್ತಿ ಮತ್ತೆ ಇಳಿಸಿ. ಹುಟ್ಟಿನಿಂದಲೂ ನೂರು ಗಜ ನಡೆಸಿ, ಏಕೆಂದರೆ ಡ್ರೈವ್ ಕೈಕೊಟ್ಟ ದಿನ ಮನೆಗೆ ಬರುವುದು ಅದರಿಂದಲೇ. ಕೊನೆಗೆ, ಜಾಕೆಟ್ ತೊಟ್ಟುಕೊಂಡು ಮೊಣಕಾಲಾಳದ ನೀರಿನಲ್ಲಿ ಎದ್ದು ನಿಂತು ನೋಡಿ. ಮಾರುವವರು ಇಷ್ಟಕ್ಕೆ ಅವಕಾಶ ಕೊಡದಿದ್ದರೆ ಬೇರೆ ಅಂಗಡಿಗೆ ಹೋಗಿ.

ಏಳನೆಯ ಹೆಜ್ಜೆ: ಹಳೆಯದನ್ನು ಕೊಳ್ಳುವುದಾದರೆ

ಮೊದಲ ದೋಣಿಗೆ ಹಳೆಯದೇ ಜಾಣತನ ಎಂದು ನಾನು ನಂಬುತ್ತೇನೆ. ಎರಡು ಋತು ಬಳಸಿ ಮಾರುವವರು ಎಷ್ಟೋ ಜನ ಇರುತ್ತಾರೆ, ಬಹುಮಟ್ಟಿಗೆ ಮೇಲೆ ಹೇಳಿದ ತೂಕದ ಕಾರಣಕ್ಕೇ. ದೋಣಿಯ ಹಿಂಭಾಗದ ಬಲಬದಿಯಲ್ಲಿ 12 ಅಕ್ಷರ ಮತ್ತು ಅಂಕಿಗಳ ಗುರುತುಸಂಖ್ಯೆ ಕೆತ್ತಿರುತ್ತದೆ, ಅದರ ಕೊನೆಯ ಎರಡು ಅಂಕಿಗಳು ಮಾದರಿಯ ವರ್ಷ. ಮಾರುವವರು ಹೇಳಿದ ವರ್ಷಕ್ಕೆ ಅದು ಹೊಂದುತ್ತದೆಯೇ ನೋಡಿ. ಸಂಖ್ಯೆಯನ್ನು ಕೆರೆದು ಅಳಿಸಿದ್ದರೆ ಅಲ್ಲಿಂದ ಹೊರಡಿ. ದೋಣಿಯನ್ನು ಮಗುಚಿ ಹಿಂಭಾಗದ ತಳ ನೆಲಕ್ಕೆ ಉಜ್ಜಿ ಸವೆದಿದೆಯೇ, ನೀರು ಹರಿಯುವ ರಂಧ್ರಗಳ ಅಂಚಿನಲ್ಲಿ ಬಿರುಕಿದೆಯೇ, ಡ್ರೈವ್ ಕೂರುವ ಗುಂಡಿಯ ಮೂಲೆಗಳಲ್ಲಿ ಬಿಳಿಗೆರೆಗಳು ಮೂಡಿವೆಯೇ ಪರೀಕ್ಷಿಸಿ. ಸಂದೇಹವಿದ್ದರೆ ಒಪ್ಪಿಗೆ ಪಡೆದು ಒಂದು ಬಕೆಟ್ ನೀರನ್ನು ಒಡಲಿನೊಳಗೆ ಸುರಿಯಿರಿ. ಬಿರುಕಿದ್ದರೆ ಅಲ್ಲಿಂದ ತೊಟ್ಟಿಕ್ಕುತ್ತದೆ. ಪಾಲಿಎಥಿಲೀನ್ ಒಡಲಿನ ಮೇಲಿನ ಗೀರುಗಳಿಗೆ ಹೆದರಬೇಕಾಗಿಲ್ಲ.

ರೆಕ್ಕೆಯ ಡ್ರೈವಿನಲ್ಲಿ ಲೋಹದ ಕಡ್ಡಿಗಳು ಬಾಗಿರಬಾರದು, ಸರಪಳಿ ಮತ್ತು ತಂತಿಗಳಲ್ಲಿ ತುಕ್ಕು ಇರಬಾರದು, ಎಳೆ ಬಿಚ್ಚಿರಬಾರದು. ಪ್ರೊಪೆಲ್ಲರ್ ಡ್ರೈವನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ: ಕರಕರ ಸದ್ದು, ಅತಿಯಾದ ಸಡಿಲ, ಸೀಲಿನ ಬಳಿ ಎಣ್ಣೆ ಒಸರಿದ ಗುರುತು ಇದ್ದರೆ ಗೇರಿನೊಳಗೆ ನೀರು ಸೇರಿರಬಹುದು. ಹೊಸ ಡ್ರೈವ್ ಒಂದರ ಬೆಲೆಯೇ ನೂರಾರು ಡಾಲರ್ ಎಂಬುದನ್ನು ಮನಸ್ಸಿನಲ್ಲಿಟ್ಟು ಚೌಕಾಸಿ ಮಾಡಿ. ಕಂಪನಿಯ ಖಾತರಿ ಬಹುಪಾಲು ಮೊದಲ ಖರೀದಿದಾರರಿಗೆ ಮಾತ್ರ ಇರುತ್ತದೆ.

ಎಂಟನೆಯ ಹೆಜ್ಜೆ: ಸುರಕ್ಷತೆಗೆ ಹಣ ಮೊದಲೇ ತೆಗೆದಿಡಿ

ದೋಣಿಗೆ 2,500 ಡಾಲರ್ ಇಟ್ಟುಕೊಂಡಿದ್ದರೆ ಅದರಲ್ಲಿ 500 ಡಾಲರನ್ನು ಮೊದಲೇ ಬದಿಗಿಡಿ ಎಂದು ನಾನು ಒತ್ತಿ ಹೇಳುತ್ತೇನೆ. ತಣ್ಣೀರಿಗೆ ಬಿದ್ದವರ ವಿಷಯದಲ್ಲಿ 1-10-1 ಎಂಬ ನಿಯಮವನ್ನು ಕಲಿಸುತ್ತಾರೆ: ಆಘಾತದಿಂದ ಏದುಸಿರು ಬಿಡುವ ಮನುಷ್ಯ ಉಸಿರನ್ನು ಹಿಡಿತಕ್ಕೆ ತರಲು ಸುಮಾರು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು 1 ಗಂಟೆ. ಈ ಹತ್ತು ನಿಮಿಷಗಳಲ್ಲಿ ನೀವು ದೋಣಿಯ ಮೇಲಿರಬೇಕು. ಅಮೆರಿಕದ ಕಾನೂನು ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದು ಲೈಫ್ ಜಾಕೆಟ್ ಇರಬೇಕೆನ್ನುತ್ತದೆ, ಕ್ಯಾಲಿಫೋರ್ನಿಯದಲ್ಲಿ 13 ವರ್ಷದೊಳಗಿನ ಮಕ್ಕಳು ತೊಟ್ಟೇ ಇರಬೇಕು. ದೊಡ್ಡವರೂ ಸದಾ ತೊಟ್ಟಿರಬೇಕು. ಆಸನದ ಹಿಂದೆ ಕಟ್ಟಿಟ್ಟ ಜಾಕೆಟ್ ನೀರಿಗೆ ಬಿದ್ದವರ ಕೈಗೆ ಸಿಗುವುದಿಲ್ಲ. ಎತ್ತರದ ಆಸನದಲ್ಲಿ ಕೂರುವವರಿಗೆ ಬೆನ್ನಿನ ಕೆಳಭಾಗದಲ್ಲಿ ತೆಳುವಾಗಿರುವ, ಗಾಳದವರಿಗೆಂದೇ ಮಾಡಿದ ಜಾಕೆಟ್ ಹಿತವಾಗಿರುತ್ತದೆ. ಸೀಟಿ, ರಾತ್ರಿಗೆ ಬಿಳಿ ದೀಪ, ಸಾಗರಕ್ಕೆ ಹೋಗುವವರಿಗೆ ನೀರು ಹೋಗದ ವಿಎಚ್‌ಎಫ್ ರೇಡಿಯೊ, ತಣ್ಣೀರಿನಿಂದ ಮೈ ಕಾಯುವ ವೆಟ್‌ಸೂಟ್ ಅಥವಾ ಡ್ರೈಸೂಟ್ ಇವು ಉಳಿದವು. ತುರ್ತು ಕರೆ ಆ ರೇಡಿಯೊದ ಚಾನೆಲ್ 16ರಲ್ಲಿ. ಅಲೆಯೇಳುವ ದಂಡೆಗೆ ಮರಳುವಾಗ ಡ್ರೈವನ್ನು ಮೊದಲೇ ಎತ್ತಿಕೊಳ್ಳಬೇಕು. ಅಲೆ ದೋಣಿಯನ್ನು ಮರಳಿಗೆ ಅಪ್ಪಳಿಸಿದಾಗ ಕೆಳಗಿಳಿದ ಡ್ರೈವ್ ಒಡೆಯುವುದಷ್ಟೇ ಅಲ್ಲ, ದೋಣಿಯನ್ನೂ ಮಗುಚುತ್ತದೆ.

ನಿಯಮಗಳ ವಿಚಾರ ಚುಟುಕಾಗಿ ಹೇಳುತ್ತೇನೆ. 16 ವರ್ಷ ತುಂಬಿದವರಿಗೆಲ್ಲ ಕ್ಯಾಲಿಫೋರ್ನಿಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಪರವಾನಗಿ ಬೇಕು. ಕಾಲಿನಿಂದ ನಡೆಸುವ ಕಯಾಕಿಗೆ ಎಲೆಕ್ಟ್ರಿಕ್ ಮೋಟಾರು ಸೇರಿಸಿದ ಕೂಡಲೇ ಅದು ರಾಜ್ಯದ ವಾಹನ ಇಲಾಖೆಯಾದ ಡಿಎಂವಿಯಲ್ಲಿ ನೋಂದಾಯಿಸಬೇಕಾದ ದೋಣಿಯಾಗುತ್ತದೆ. ಕುಡಿಯುವ ನೀರಿನ ಕೆಲವು ಜಲಾಶಯಗಳಲ್ಲಿ ಮೈ ನೀರಿಗೆ ತಾಗುವುದನ್ನೇ ನಿಷೇಧಿಸಿರುವುದರಿಂದ ಯಾವ ಬಗೆಯ ಕಯಾಕಿಗೆ ಅನುಮತಿಯಿದೆ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಇದಕ್ಕಿಂತ ಗಂಭೀರವಾದದ್ದು ಗೋಲ್ಡನ್ ಮಸಲ್ ಎಂಬ ಹೊರನಾಡಿನ ಚಿಪ್ಪುಜೀವಿ. 2024ರ ಅಕ್ಟೋಬರಿನಲ್ಲಿ ಸ್ಟಾಕ್‌ಟನ್ ಬಂದರಿನಲ್ಲಿ ಅದು ಪತ್ತೆಯಾದ ಮೇಲೆ ಅನೇಕ ಜಲಾಶಯಗಳು ತಪಾಸಣೆಯನ್ನು ಬಿಗಿಗೊಳಿಸಿವೆ, ಕೆಲವು ಕಡೆ ಹೊರಗಿನ ದೋಣಿಗಳನ್ನು ದಿನಗಟ್ಟಲೆ ಒಣಗಿಸಿದ ಮೇಲಷ್ಟೇ ಬಿಡುತ್ತಾರೆ. ಡೆಲ್ಟಾಕ್ಕೂ ಜಲಾಶಯಕ್ಕೂ ಒಂದೇ ದೋಣಿ ಸಾಕೆಂದು ಲೆಕ್ಕ ಹಾಕಿದವರು ಇದನ್ನು ಗಮನಿಸಲೇಬೇಕು. ಒಡಲಿನ ಒಳಭಾಗ, ಡ್ರೈವಿನ ಗುಂಡಿ, ಹಳಿಗಳ ಸಂದುಗಳು ಸುಲಭವಾಗಿ ಒಣಗುವಂತಿವೆಯೇ, ನೀರು ಬಸಿಯುವ ಬಿರಡೆ ಎಲ್ಲಿದೆ ಎಂಬುದೂ ಹೀಗಾಗಿ ಆಯ್ಕೆಯ ಒಂದು ಅಂಶವಾಗಿದೆ.

ಕೊಂಡ ಮೇಲಿನ ಮೊದಲ ವಾರಗಳು

ಗಾಳವನ್ನು ಮನೆಯಲ್ಲೇ ಬಿಟ್ಟು, ಬೆಚ್ಚಗಿನ ಜಲಾಶಯವೊಂದರಲ್ಲಿ ಈಜಲು ಅನುಮತಿಯಿರುವ ಕಡೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ದೋಣಿಯನ್ನು ಬೇಕೆಂದೇ ಮಗುಚಿ. ಬುಡಮೇಲಾದ ಒಡಲಿನ ಮೇಲೆ ಚಾಚಿ ಆಚೆ ಬದಿಯ ಹಿಡಿಯನ್ನು ಎಳೆದು ಅದನ್ನು ನೆಟ್ಟಗೆ ಮಾಡಬೇಕು, ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ದೋಣಿಗೇರಬೇಕು, ಆಮೇಲೆ ಹೊರಳಿ ಕೂರಬೇಕು. 36 ಇಂಚು ಅಗಲದ ದೋಣಿಯಲ್ಲಿ ಆಚೆ ಬದಿಗೆ ಕೈ ಎಟುಕದಿದ್ದರೆ ಅಡ್ಡಲಾಗಿ ಎಸೆಯಬಹುದಾದ ಒಂದು ಪಟ್ಟಿಯನ್ನು ಬದಿಗೆ ಕಟ್ಟಿಡಿ. ಡ್ರೈವನ್ನೂ ಹುಟ್ಟನ್ನೂ ಹಗ್ಗದಿಂದ ದೋಣಿಗೆ ಕಟ್ಟಿರಬೇಕು. ಮಗುಚಿದಾಗ ಕಳಚಿ ಬಿದ್ದ ಡ್ರೈವ್ ಮುಳುಗಿಹೋಗುತ್ತದೆ.

ಉಪ್ಪುನೀರಿನಿಂದ ಬಂದ ದಿನವೇ ಡ್ರೈವನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಿರಿ, ಪೆಡಲನ್ನು ಆಡಿಸುತ್ತ ತೊಳೆದರೆ ಒಳಗಿನ ಉಪ್ಪೂ ಹೋಗುತ್ತದೆ. ಮರಳು ಸೇರಿದ ಡ್ರೈವಿಗೆ ಎಣ್ಣೆ ಹಾಕಬೇಡಿ, ಮೊದಲು ಮರಳು ತೆಗೆಯಿರಿ. ಪ್ರೊಪೆಲ್ಲರನ್ನು ಆಗಾಗ ಕಳಚಿ ದಂಡಕ್ಕೆ ಸುತ್ತಿಕೊಂಡ ಗಾಳದ ದಾರ ಇದೆಯೇ ನೋಡಿ, ಏಕೆಂದರೆ ಆ ದಾರವೇ ಸೀಲನ್ನು ಕತ್ತರಿಸಿ ಗೇರಿಗೆ ನೀರು ಬಿಡುತ್ತದೆ. ಪ್ರೊಪೆಲ್ಲರ್ ಹಿಡಿದಿಡುವ ಪಿನ್ನನ್ನು, ರೆಕ್ಕೆಯ ಡ್ರೈವಾದರೆ ಒಂದು ಬಿಡಿ ರೆಕ್ಕೆ ಮತ್ತು ಅದನ್ನು ಬಿಗಿಯುವ ಸಾಧನವನ್ನು ದೋಣಿಯಲ್ಲೇ ಇಟ್ಟಿರಿ. ಬಿಸಿಲಿನಲ್ಲಿ ಪಟ್ಟಿಗಳನ್ನು ಅತಿಯಾಗಿ ಬಿಗಿದು ಕಾರಿನ ಮೇಲೆ ದಿನವಿಡೀ ಬಿಟ್ಟರೆ ಪ್ಲಾಸ್ಟಿಕ್ ಒಡಲು ತಗ್ಗುಬೀಳುತ್ತದೆ. ನೆರಳಿನಲ್ಲಿ, ಅಗಲವಾದ ಆಧಾರದ ಮೇಲೆ, ಬಿರಡೆ ತೆಗೆದು ಇಡಬೇಕು.